ಒಗ್ಗರಣೆಯ ಎಣ್ಣೆ ತೂಗಿದ ಮೂರು ತಿಂಗಳು: ಅಡುಗೆಮನೆಯ ಡಿಜಿಟಲ್ ತಕ್ಕಡಿ

ತಂದೆಯವರು ತೂಕ ಇಳಿಸಲೇಬೇಕೆಂದು ವೈದ್ಯರು ಹೇಳಿದ ದಿನದಿಂದ ನಮ್ಮ ಮನೆಯಲ್ಲಿ ಅನ್ನ, ದೋಸೆ, ಮೀನು ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುತ್ತಿದ್ದೆವು. ಎಣ್ಣೆಯನ್ನು ಮಾತ್ರ ‘ಒಂದು ಚಮಚ’ ಎಂದು ಬರೆದು ಬಿಡುತ್ತಿದ್ದೆವು. ಬದಿಯಡ್ಕದ ಪಾತ್ರೆ ಅಂಗಡಿಯಿಂದ 500 ರೂಪಾಯಿಯೊಳಗೆ ತಂದ, 5 ಕಿಲೋವರೆಗೆ 1 ಗ್ರಾಂ ಅಂತರದಲ್ಲಿ ತೂಗುವ ಈ ತಕ್ಕಡಿ ಆ ಚಮಚದ ನಿಜವಾದ ಅಳತೆಯನ್ನು ತಿಳಿಸಿತು.

ಇದರ ಅತ್ಯಂತ ಉಪಯುಕ್ತ ಗುಣವೆಂದರೆ ಕಳೆದು ತೋರಿಸುವುದು. ತೆಂಗಿನೆಣ್ಣೆಯ ಬಾಟಲಿಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು, ಒಗ್ಗರಣೆಗೆ ಬೇಕಾದಷ್ಟು ಸುರಿದು ಮತ್ತೆ ಇಟ್ಟರೆ, ಹೋದ ಎಣ್ಣೆಯ ತೂಕ ಋಣ ಚಿಹ್ನೆಯೊಂದಿಗೆ ಕಾಣುತ್ತದೆ. ತಾಯಿಯವರು ಎಂದಿನಂತೆ ಕೈಯಳತೆಯಲ್ಲಿ ಸುರಿದ ಒಂದು ಒಗ್ಗರಣೆಗೆ 14 ಗ್ರಾಂ ಹೋಗಿತ್ತು; ಕೊಬ್ಬಿನ ಪ್ರತಿ ಗ್ರಾಮಿಗೆ 9 ಕ್ಯಾಲೊರಿಯಂತೆ ಅದು ಸುಮಾರು 126 ಕ್ಯಾಲೊರಿ. ಹನ್ನೆರಡು ದೋಸೆಗಳಿಗೆ ಕಾವಲಿಗೆ ಸವರಿದ ಎಣ್ಣೆ 38 ಗ್ರಾಂ ಆಗಿತ್ತು, ಅಂದರೆ ತಂದೆಯವರ ನಾಲ್ಕು ದೋಸೆಗಳಲ್ಲಿ ಎಣ್ಣೆಯಿಂದಲೇ ನೂರಕ್ಕೂ ಹೆಚ್ಚು ಕ್ಯಾಲೊರಿ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯು 2024ರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಆಹಾರಕ್ಕೆ ದಿನಕ್ಕೆ 27 ಗ್ರಾಂ ಎಣ್ಣೆ-ಕೊಬ್ಬನ್ನು ಸೂಚಿಸಿದೆ. ಅದರ ಅರ್ಧದಷ್ಟು ನಮ್ಮಲ್ಲಿ ಬೆಳಗಿನ ತಿಂಡಿಗೇ ಮುಗಿಯುತ್ತಿತ್ತು. ಧನುರ್ಮಾಸದ ಬೆಳಗಿನ ಚಳಿಗೆ ತೆಂಗಿನೆಣ್ಣೆ ಗಟ್ಟಿಯಾಗಿ, ಚಮಚದ ಮೇಲೆ ಗುಡ್ಡೆಯಾಗಿ ನಿಂತಾಗ ಕಣ್ಣಳತೆ ಪೂರ್ತಿ ತಪ್ಪುತ್ತದೆ. ಆಗ ನಂಬಬಹುದಾದದ್ದು ತೂಕ ಒಂದೇ.

ನಂಜಿಕೊಳ್ಳುವ ಪದಾರ್ಥಗಳ ವಿಷಯದಲ್ಲಿ ನಮ್ಮ ಊಹೆ ತಲೆಕೆಳಗಾಯಿತು. ನಾವು ಹೆದರಿದ್ದ ಮಾವಿನ ಮಿಡಿಯ ಉಪ್ಪಿನಕಾಯಿಯನ್ನು ಮನೆಯಲ್ಲಿ ಎಣ್ಣೆ ಹಾಕದೆ, ಉಪ್ಪುನೀರಿನಲ್ಲೇ ಮಾಡುವುದರಿಂದ ಅದರಲ್ಲಿ ಕ್ಯಾಲೊರಿ ಅತ್ಯಲ್ಪ. ಅದರ ಉಪ್ಪಿನ ಮಾತು ಬೇರೆ. ಆದರೆ ಕಾಸರಗೋಡಿನಿಂದ ನನ್ನ ತಮ್ಮ ಅಲ್‌ಫಾಮಿನ (ಕೆಂಡದಲ್ಲಿ ಸುಟ್ಟ ಅರಬ್ ಶೈಲಿಯ ಕೋಳಿ) ಜೊತೆ ತಂದ ಚಿಕ್ಕ ಡಬ್ಬಿಯ ಮಯೋನೈಸ್ 40 ಗ್ರಾಂ ತೂಗಿತು. ಅದರ ಬಹುಪಾಲು ಎಣ್ಣೆಯೇ ಆದ್ದರಿಂದ ಸುಮಾರು 270 ಕ್ಯಾಲೊರಿ ಎಂದು ಬರೆದೆವು. ಚಟ್ನಿಯ ತೆಂಗಿನತುರಿಯನ್ನೂ ತೂಗಬೇಕು, ಏಕೆಂದರೆ 100 ಗ್ರಾಂ ಹಸಿ ತುರಿಯಲ್ಲಿ ಸುಮಾರು 350 ಕ್ಯಾಲೊರಿ ಇದೆ.

ಕೊರತೆಗಳೂ ಇವೆ. ಪಾತ್ರೆಗೆ ನಿಧಾನವಾಗಿ ಹನಿಸಿದ ಎರಡು ಗ್ರಾಂ ತುಪ್ಪವನ್ನು ಇದು ಗುರುತಿಸುವುದೇ ಇಲ್ಲ. ಅದಕ್ಕೂ ಭರಣಿಯನ್ನೇ ಇಟ್ಟು ಕಳೆದು ನೋಡಬೇಕು. ಎರಡು ನಿಮಿಷ ಮುಟ್ಟದಿದ್ದರೆ ತಾನಾಗಿ ಆರಿಹೋಗಿ ಸೊನ್ನೆಯನ್ನೂ ಮರೆಯುವುದರಿಂದ, ದೋಸೆ ಹೊಯ್ಯುವಾಗ ಬಾಟಲಿಯ ಮೊದಲ ತೂಕವನ್ನು ಬರೆದಿಟ್ಟುಕೊಳ್ಳುವುದು ಅನಿವಾರ್ಯ. ತಟ್ಟೆ ಪ್ಲಾಸ್ಟಿಕ್ಕಿನದು, ಹಲಸಿನ ಹಪ್ಪಳ ಕರಿದ ಬಾಣಲೆಯನ್ನು ಪೂರ್ತಿ ಆರಿದ ಮೇಲಷ್ಟೇ ಅದರ ಮೇಲಿಡಬೇಕು.