ಕೊಡೆ ಥರ ಬಿಚ್ಚೋ ಮಕ್ಕಳ ಸೊಳ್ಳೆ ಪರದೆ: ಹಗಲಿಗೆ ಓಕೆ, ರಾತ್ರಿಗೆ ಬೇಡ

ಕೊಡೆ ಥರ ಪಟ್ ಅಂತ ಬಿಚ್ಕೊಳ್ಳುತ್ತಲ್ಲ ಆ ಪರದೆ, ಚಿಕ್ಕಪೇಟೇಲಿ ತಗೊಂಡ್ವಿ, ಮುನ್ನೂರು ಚಿಲ್ರೆ ಆಯ್ತು. ಮಗು ಇನ್ನೂ ಬೋರಲು ಬೀಳಲ್ಲ ಅಂದ್ರೆ ಧಾರಾಳವಾಗಿ ತಗೊಳ್ಳಿ, ಬೀಳೋಕೆ ಶುರು ಮಾಡಿದ್ರೆ ರಾತ್ರಿಗೆ ದುಡ್ಡು ದಂಡ. ತಳ ಇಲ್ಲ, ಲೇಸಿನ ಅಂಚು ಹಾಸಿಗೆ ಮೇಲೆ ಸುಮ್ನೆ ಕೂತಿರತ್ತೆ ಅಷ್ಟೆ, ನಮ್ಮವಳು ಒಂದ್ಸಲ ಕಾಲು ಝಾಡಿಸಿದ್ರೆ ಒಂದು ಕಡೆ ಎದ್ದುಬಿಡತ್ತೆ, ಸೊಳ್ಳೆಗೆ ಅಷ್ಟು ಸಂದು ಸಾಕು. ಅಗಲಾನೂ ಕಮ್ಮಿ, ಕೈ ಪರದೆಗೆ ಒತ್ಕೊಂಡು ಮಲಗಿದ್ರೆ ಹೊರಗಿಂದಾನೇ ಕಚ್ಚತ್ತೆ, ಬೆಳಿಗ್ಗೆ ನೋಡಿದ್ರೆ ಮೊಣಕೈ ಹತ್ರ ಸಾಲಾಗಿ ಕೆಂಪು ಗುಳ್ಳೆ.

ಮನೇಲಿ ಇದರ ಮೇಲೆ ಮಹಾಭಾರತ ಬೇರೆ. ನಮ್ಮತ್ತೆ "ಕೂಸಿಗೆ ಉಸಿರು ಕಟ್ಟತ್ತೆ ಕಣೇ, ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿದ್ರೆ ಆಯ್ತಪ್ಪ" ಅಂತಾರೆ. ಪರದೆಯಿಂದ ಉಸಿರೇನೂ ಕಟ್ಟಲ್ಲ, ಆದ್ರೆ ಸೆಕೆ ಅನ್ನೋದು ನಿಜಾನೇ, ಏಪ್ರಿಲ್‌ನಲ್ಲಿ ಫ್ಯಾನ್ ಗಾಳಿ ಒಳಗೆ ಸರಿಯಾಗಿ ಬರಲ್ಲ, ನೆತ್ತಿಯೆಲ್ಲ ಬೆವರು. ಹೊಗೆ ಮಾತ್ರ ನಾನು ಒಪ್ಪಲ್ಲ, ಉಸಿರಿಗೆ ತೊಂದ್ರೆ ಕೊಡೋದೇ ಅದು. ಎರಡು ತಿಂಗಳೊಳಗಿನ ಮಗೂಗೆ ಸೊಳ್ಳೆ ಕ್ರೀಮೂ ಹಚ್ಚಂಗಿಲ್ಲ, ಉಳಿಯೋದು ಪರದೆ ಒಂದೇ ತಾನೆ.

"ಹಗಲು ಹೊತ್ತು ಯಾಕಮ್ಮ ಪರದೆ" ಅನ್ನೋರೇ ಜಾಸ್ತಿ. ಮಲೇರಿಯಾ ಸೊಳ್ಳೆ ರಾತ್ರೀದು ಸರಿ, ಡೆಂಗಿ ತರೋ ಈಡಿಸ್ ಹಗಲೇ ಕಚ್ಚೋದು, ಅದ್ರಲ್ಲೂ ಬೆಳಿಗ್ಗೆ ಮತ್ತೆ ಕತ್ತಲಾಗೋಕೆ ಮುಂಚೆ. 2024ರಲ್ಲಿ ನಮ್ಮ ಕರ್ನಾಟಕ ಸರ್ಕಾರಾನೇ ಡೆಂಗೀನ ಸಾಂಕ್ರಾಮಿಕ ರೋಗ ಅಂತ ಘೋಷಣೆ ಮಾಡಿತ್ತು, ಎಲ್ರೂ ಮರ್ತಾಯ್ತು. ತಮಾಷೆ ಅಂದ್ರೆ ಹಗಲು ನಿದ್ದೆ ಎಲ್ಲ ಅತ್ತೆ ಕಟ್ಟಿದ ಸೀರೆ ಜೋಲೀಲಿ, ಅದಕ್ಕೆ ಈ ಕೊಡೆ ಕೂರೋದೇ ಇಲ್ಲ! ಕೊನೆಗೆ ಮಧ್ಯಾಹ್ನ ಹಾಲ್‌ನಲ್ಲಿ ಚಾಪೆ ಮೇಲೆ, ಫ್ಯಾನ್ ಕೆಳಗೆ ಮಲಗಿಸೋದು ಅಂತ ರಾಜಿ ಆಯ್ತು, ಅವರೇ ಪಕ್ಕದಲ್ಲಿ ಸೊಪ್ಪು ಬಿಡಿಸ್ತಾ ಅಂಚು ಎದ್ದಾಗೆಲ್ಲ ಎಳೆದು ಕೂರಿಸ್ತಾರೆ.

ರಾತ್ರಿಗೆ ನಾಲ್ಕು ಮೂಲೆಗೆ ದಾರ ಕಟ್ಟೋ ಹಳೇ ಪರದೇನೇ ಬೆಸ್ಟು, ಹಾಸಿಗೆ ಕೆಳಗೆ ಸಿಕ್ಕಿಸಿದ್ರೆ ಮುಗೀತು, ಅಮ್ಮ ಮಗು ಇಬ್ರೂ ಒಳಗೆ. ತಗೊಳ್ಳೋವಾಗ ಕಣ್ಣು, ಅಂದ್ರೆ ಬಲೆ ತೂತು, ಎಷ್ಟಿದೆ ಕೇಳಿ, ಚದರ ಇಂಚಿಗೆ 156 ಆದ್ರೂ ಇರ್ಬೇಕು, ಈ ಕೊಡೆ ಪರದೆ ಪ್ಯಾಕೆಟ್ ಮೇಲೆ ಅದು ಬರ್ದೇ ಇಲ್ಲ. ಐದಕ್ಕೆ ಮೂರು ಸ್ಟಾರ್ ಕೊಡ್ತೀನಿ. ಗುಲಾಬಿ ಬಣ್ಣದ್ದು ಮಾತ್ರ ತಗೋಬೇಡಿ, ಮೊದಲ ಒಗೆತಕ್ಕೇ ಬಣ್ಣ ಬಿಡ್ತು.