ಬಳ್ಳಾರಿಯ ಜೀನ್ಸ್ ಘಟಕದಲ್ಲಿ ನೆಟ್‌ವರ್ಕ್ ತಪಾಸಣೆ

ಬಳ್ಳಾರಿಯ ನಮ್ಮ ಜೀನ್ಸ್ ಹೊಲಿಗೆ ಘಟಕದ ನೆಟ್‌ವರ್ಕನ್ನು ಊರಿನದೇ ಒಂದು ಅಂಗಡಿಯವರಿಂದ ತಪಾಸಣೆ ಮಾಡಿಸಿದೆವು. ಬಂದ ತಂತ್ರಜ್ಞರು ಲ್ಯಾಪ್‌ಟಾಪಿನಲ್ಲಿ ನೆಟ್‌ವರ್ಕಿನಲ್ಲಿ ಹರಿಯುವ ದತ್ತಾಂಶವನ್ನು ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ತೆರೆದು ನೆಟ್‌ವರ್ಕ್ ಕಾರ್ಡನ್ನು ಪ್ರಾಮಿಸ್ಕ್ಯೂಯಸ್ ಮೋಡ್‌ಗೆ ಹಾಕಿದರು. ಸಾಮಾನ್ಯವಾಗಿ ತನ್ನ ಮ್ಯಾಕ್ ವಿಳಾಸಕ್ಕೆ (ಕಾರ್ಡಿನ ಗುರುತಿನ ಸಂಖ್ಯೆಗೆ) ಸಂಬಂಧಿಸದ ಫ್ರೇಮುಗಳನ್ನು (ದತ್ತಾಂಶದ ತುಣುಕುಗಳನ್ನು) ಕೈಬಿಡುವ ಕಾರ್ಡು, ಆಗ ತಂತಿಯಲ್ಲಿ ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತದೆ. ಲೆಕ್ಕದ ಕೋಣೆಯಲ್ಲಿ ಟೈಪಿಸಿದ ಎಫ್‌ಟಿಪಿ (ಗೂಢಲಿಪಿಯಿಲ್ಲದೆ ಕಡತ ಕಳಿಸುವ ವಿಧಾನ) ಪಾಸ್‌ವರ್ಡ್ ಅವರ ಪರದೆಯ ಮೇಲೆ ಒಂದಕ್ಷರವೂ ಬಿಡದೆ ಮೂಡಿದ್ದನ್ನು ಕಂಡು ನಮ್ಮ ಗುಮಾಸ್ತರು ಕುರ್ಚಿ ಬಿಟ್ಟೆದ್ದರು. ಒಂದು ಪೋರ್ಟಿಗೆ ಬಂದದ್ದನ್ನು ಉಳಿದೆಲ್ಲಕ್ಕೂ ಹಂಚುವ ಹಳೆಯ ಹಬ್ ಇದಕ್ಕೆ ಕಾರಣವಾಗಿತ್ತು. ಅದನ್ನು ತೆಗೆದು, ಯಾರಿಗೆ ಸೇರಿದ್ದೋ ಅವರ ಪೋರ್ಟಿಗಷ್ಟೇ ಕಳಿಸುವ ಸ್ವಿಚ್ ಕೂರಿಸಿದರು. ಬೇರೊಂದು ಗಣಕದ ವಿಳಾಸವನ್ನು ತನ್ನದೆಂದು ನಂಬಿಸುವ ಎಆರ್‌ಪಿ ವಂಚನೆಯಿಂದ ಸ್ವಿಚ್ಚಿನ ಕಣ್ಣಿಗೂ ಮಣ್ಣೆರಚಬಹುದಾದ್ದರಿಂದ ಎಫ್‌ಟಿಪಿ ಬಿಟ್ಟು ಎಲ್ಲವನ್ನೂ ಗೂಢಲಿಪಿಯಲ್ಲಿ ಕಳಿಸುವ ಎಸ್‌ಎಫ್‌ಟಿಪಿ ಬಳಸಬೇಕೆಂದೂ ತಿಳಿಸಿದರು. ಕೆಲಸ ಅಚ್ಚುಕಟ್ಟಾಗಿತ್ತು, ಲಿಖಿತ ವರದಿಗೆ ಮಾತ್ರ ಮೂರು ಬಾರಿ ಫೋನ್ ಮಾಡಬೇಕಾಯಿತು.