ಅಮ್ಮಂಗೆ ಕಟ್ಟಿಸಿದ ಹಲ್ಲು ಸೆಟ್, ಎಂಟು ತಿಂಗಳಾದ್ಮೇಲೆ ನನ್ ರಿವ್ಯೂ
ಅಮ್ಮಂಗೆ ಮೇಲೆ ಕೆಳಗೆ ಎರಡೂ ಫುಲ್ ಸೆಟ್ ಕಟ್ಟಿಸಿ ಎಂಟು ತಿಂಗಳಾಯ್ತು, ತೆಗೆದು ಹಾಕೋದು, ಇಂಪ್ಲಾಂಟ್ ಅಲ್ಲ.

ಮೊದಲ್ನೇ ತಿಂಗಳು ತುಂಬಾ ಕಷ್ಟ ಆಯ್ತು. ಬಾಯಿ ತುಂಬಾ ಜೊಲ್ಲು, ಮಾತು ತೊದಲೋದು, ಕೆಳಗಿನ ವಸಡಲ್ಲಿ ಒಂದೇ ಜಾಗ ಉಜ್ಜಿ ಉಜ್ಜಿ ಹುಣ್ಣಾಗಿ ಅಮ್ಮ ಸೆಟ್ಟನ್ನ ನೀರಿನ ಡಬ್ಬಿಗೆ ಹಾಕಿಟ್ಟು ಮುಟ್ಟೋದೇ ಬಿಟ್ರು. ಕಟ್ಟಿದ ಕ್ಲಿನಿಕ್‌ಗೆ ಫೋನ್ ಮಾಡಿದ್ರೆ ಅಭ್ಯಾಸ ಆಗುತ್ತೆ ಬಿಡಿ ಅಂದ್ರು, ಅಷ್ಟೇ. ಬರೀ ಮೆತ್ತಗಿರೋದೇ ತಿಂದು ತಿಂದು ಸೊರಗಿದ್ರು, ಒಂದಿನ ಬಾತ್ರೂಮ್ ಬಾಗಿಲ ಹತ್ರ ಬಿದ್ದೂಬಿಟ್ರು. ಮೂಳೆ ಮುರೀಲಿಲ್ಲ ಸದ್ಯ.

ಆಮೇಲೆ ಬೇರೆ ಡಾಕ್ಟ್ರ ಹತ್ರ ಕರ್ಕೊಂಡ್ ಹೋದೆ, ಅವರು ಬಾಯಿ ನೋಡೋಕೆ ಮುಂಚೆ ಕೇಳಿದ್ದೇ ಈ ವರ್ಷ ಎಷ್ಟು ಸಲ ಬಿದ್ದಿದ್ದೀರಮ್ಮ ಅಂತ. ಹಲ್ಲಿಗೂ ಬೀಳೋದಕ್ಕೂ ಏನ್ ಸಂಬಂಧ ಅಂತ ನಂಗೂ ಗೊತ್ತಿರ್ಲಿಲ್ಲ. ಅಗಿಯೋಕಾಗ್ದೆ ಪ್ರೋಟೀನ್ ಇರೋದು ಕಮ್ಮಿ ತಿಂದ್ರೆ ಕಾಲಿನ ಸ್ನಾಯು ಕರಗುತ್ತಂತೆ, ಜೊತೆಗೆ ಹಲ್ಲಿನ ಬೇರು ಸುತ್ತ ಇರೋ ನರಗಳು ಕಚ್ಚಿದ ಒತ್ತಡಾನ ಮೆದುಳಿಗೆ ತಿಳಿಸ್ತವೆ, ಹಲ್ಲು ಹೋದ್ರೆ ಅದೂ ಹೋಗುತ್ತೆ, ಬ್ಯಾಲೆನ್ಸಿಗೂ ಇದಕ್ಕೂ ನಂಟಿರಬಹುದು ಅಂದ್ರು. ಜಪಾನಲ್ಲಿ 2012ರಲ್ಲಿ ಬಂದ ಸ್ಟಡಿಲಿ, 19 ಅಥವಾ ಕಮ್ಮಿ ಹಲ್ಲಿದ್ದು ಸೆಟ್ ಹಾಕ್ದೇ ಇರೋ ವಯಸ್ಸಾದವರು ಬೀಳೋ ಸಾಧ್ಯತೆ, 20 ಅಥವಾ ಜಾಸ್ತಿ ಹಲ್ಲಿರೋರಿಗೆ ಹೋಲಿಸಿದ್ರೆ ಸುಮಾರು ಎರಡೂವರೆ ಪಟ್ಟು ಜಾಸ್ತಿ ಕಂಡಿತ್ತು. ಹಲ್ಲಿಂದಲೇ ಬೀಳ್ತಾರೆ ಅಂತ ಅದ್ರಿಂದ ಸಾಬೀತಾಗಲ್ಲ, ಅದನ್ನೂ ಅವರೇ ಹೇಳಿದ್ರು, ಆ ಪ್ರಾಮಾಣಿಕತೆ ನಂಗೆ ತುಂಬಾ ಹಿಡಿಸ್ತು.

ಹೊಸ ಸೆಟ್ ಮಾಡಿಸಿ ಅನ್ಲಿಲ್ಲ. ಹಳೇದ್ರ ಒಳಗಡೆ ಬಿಳಿ ಪೇಸ್ಟ್ ಸವರಿ ಬಾಯಿಗಿಟ್ಟು ಕಚ್ಚಿಸಿದ್ರು, ತೆಗೆದಾಗ ಎಲ್ಲಿ ಪೇಸ್ಟ್ ಅಳಿಸಿಹೋಗಿತ್ತೋ ಅಲ್ಲಿ ಒತ್ತುತ್ತಿದೆ ಅಂತ ಅರ್ಥ, ಅಷ್ಟನ್ನೇ ಸಣ್ಣಗೆ ಉಜ್ಜಿದ್ರು, ಮತ್ತೆ ಪೇಸ್ಟ್, ಮತ್ತೆ ಉಜ್ಜೋದು, ಹೀಗೆ ನಾಕೈದು ಸಲ. ಅಮ್ಮ ಕನ್ನಡಿ ಕೂಡ ಕೇಳ್ಲಿಲ್ಲ, ಸುಮ್ನೆ ದವಡೆ ಆಡಿಸಿ ನೋಡಿ "ಈಗ ಕಚ್ಚಲ್ಲ ಕಣೋ" ಅಂದ್ರು.

ಮನೇಲಿ ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ವಾಪಸ್ ಬಂದು ಕೂರೋಕೆ ಎಷ್ಟೊತ್ತು ಅಂತ ನೋಡೋಕೆ ಹೇಳಿದ್ರು, 12 ಸೆಕೆಂಡ್ ಅಥವಾ ಜಾಸ್ತಿ ಆದ್ರೆ ಬೀಳೋ ರಿಸ್ಕ್ ಇದೆ ಅಂತ. ಅವತ್ತು ಅಮ್ಮಂಗೆ 16, ಈಗ 12ರ ಆಸುಪಾಸು. ಸೆಟ್ ಒಂದೇ ಕಾರಣ ಅಲ್ಲ, ಫಿಸಿಯೋ ವ್ಯಾಯಾಮ ಮಾಡ್ತಿದ್ದಾರೆ, ಬಿಪಿ ಮಾತ್ರೆನೂ ಡಾಕ್ಟ್ರು ಬದಲಾಯಿಸಿದ್ರು. ಆದ್ರೆ ಸರಿಯಾಗಿ ಅಗಿದು ತಿನ್ನೋಕೆ ಶುರು ಮಾಡಿದ್ದು ಇದರಿಂದಲೇ.

ಒಂದೇ ಕೊರತೆ, ಕೆಳಗಿನ ಸೆಟ್ ಮತ್ತೆ ಸಡಿಲ ಆಗ್ತಿದೆ. ದವಡೆ ಮೂಳೆ ಸವೀತಾ ಹೋಗುತ್ತಂತೆ, ಒಳಗೆ ಲೈನಿಂಗ್ ಹಾಕ್ಸಬೇಕು. ಮುಂದಿನ ವಾರ ಹೋಗ್ತಿದೀವಿ.